ಮೂರು ಚುಕ್ಕಿಯ ಮೇಲೊಂದು ಗೆರೆ

ಬಸ್ಸು ಬಾರದೇ ಇರಬಹುದು. ಬಂದರೂ ಕೆ.ಆರ್. ಪೇಟೆ ದಾಟಿದ ಮೇಲೆ ಇಂಜಿನ್ ಆಫ್ ಆಗಿ, ಗಂಡಸರೆಲ್ಲ ಇಳಿದು ತಳ್ಳಿ ಎಂದು ಕಂಡಕ್ಟರ್ ಕೂಗಬಹುದು. ತಳ್ಳದಿದ್ದರೆ ಜನ ನನ್ನ ಮುಖ ನೋಡಬಹುದು, ತಳ್ಳಿದರೆ ಅಲ್ಲೇ ಕುಸಿಯಬಹುದು. ಶ್ರೀರಂಗಪಟ್ಟಣದ ಡಾಕ್ಟರಮ್ಮ ರಜೆ ಹಾಕಿರಬಹುದು. ರಜೆ ಹಾಕದೆಯೂ ಇರಬಹುದು, ಅದು ಇನ್ನೂ ಕಷ್ಟ. ಹತ್ತಿ ಇಳಿಯುವುದಕ್ಕೆಂದು ಅವರು ಇಟ್ಟುಕೊಂಡಿರುವ ಮರದ ಮೆಟ್ಟಿಲಿಗೆ ಗೆದ್ದಲು ಹಿಡಿದಿರಬಹುದು. ಪಂಚೆ ಕಾಲಿಗೆ ತೊಡರಬಹುದು. ಪಂಚೆ ಬೇಡವೆಂದು ಪ್ಯಾಂಟು ಹಾಕಿದರೆ, ಮೂರು ತಿಂಗಳು ಕೂತು ಉಂಡ ಹೊಟ್ಟೆಗೆ ಗುಂಡಿ ಕೂಡದೆ ಹೋಗಬಹುದು. ಏಳನೇ ಸಲ ಹತ್ತುವಾಗ ಎದೆ ಹಿಡಿದುಕೊಳ್ಳಬಹುದು. ಎಂಟನೇ ಸಲ ಯಾಕಲ್ಲ ಎಂದು ಕೇಳಬೇಡಿ, ನನಗೆ ಏಳು ಎಂದೇ ಕಾಣಿಸಿತ್ತು. ನನ್ನ ಹೆಂಡತಿ ಸುಶೀಲ ಪರವೂರಿನಲ್ಲಿ ಒಬ್ಬಳೇ ಆಗಿಬಿಡಬಹುದು. ನನ್ನನ್ನು ಊರಿಗೆ ಸಾಗಿಸಲು ಟೆಂಪೋ ಸಿಗದಿರಬಹುದು. ಇವೆಲ್ಲಕ್ಕಿಂತ ಕೆಟ್ಟದ್ದೆಂದರೆ, ನಾನು ಪರೀಕ್ಷೆಯಲ್ಲಿ ಪಾಸಾಗಬಹುದು. ಪಾಸಾದೆನೆಂದು ನಂಬಿ, ಊರಿಗೆ ಬಂದು ಹಾಲಿನ ಕ್ಯಾನು ಎತ್ತಿ, ಆಮೇಲೆ ಸಾಯಬಹುದು.

ಇದು ತೊಂಬತ್ತರ ದಶಕದ ನಡುವಿನ ಮಾತು. ಕಿಕ್ಕೇರಿ ಹೋಬಳಿಯ ನಮ್ಮೂರಿನ ಹಾಲಿನ ಸಂಘದಲ್ಲಿ ನಾನು ಪರೀಕ್ಷಕ. ಬೆಳಗ್ಗೆ ಸಂಜೆ ಜನ ತಂದ ಹಾಲಿಗೆ ಲ್ಯಾಕ್ಟೋಮೀಟರ್ ಬಿಟ್ಟು, ನೀರು ಬೆರೆತಿದೆಯೋ ಇಲ್ಲವೋ ನೋಡಿ, ಅಳೆದು, ಕ್ಯಾನು ತುಂಬಿ, ವ್ಯಾನು ಬಂದಾಗ ಎತ್ತಿಡುವುದು ಕೆಲಸ. ಆಗ ನನಗೆ ನಲವತ್ತೇಳು. ಎದೆನೋವು ಬಂದಾಗ ಹೇಗಿರುತ್ತದೆಂದು ಹೇಳುವವರು ಪ್ರತಿ ಊರಿನಲ್ಲೂ ಹತ್ತು ಜನ ಸಿಗುತ್ತಾರೆ. ಬಂದು ಹೋದ ಮೇಲೆ ಮನುಷ್ಯ ಹೇಗೆ ಬದುಕಬೇಕು ಎಂದು ಹೇಳುವವರು ನನಗೊಬ್ಬರೂ ಸಿಗಲಿಲ್ಲ. ಹಾಗಾಗಿ ಈ ಬರಹ.

ನೋವು ಬಂದದ್ದು ಒಂದು ಬೆಳಗ್ಗೆ, ಕೊನೆಯ ಕ್ಯಾನನ್ನು ವ್ಯಾನಿಗೆ ಎತ್ತಿಟ್ಟು ಕೈ ಒರೆಸಿಕೊಳ್ಳುವಾಗ. ಎತ್ತಿಟ್ಟ ಕ್ಯಾನು ವಾಪಸು ಬಂದು ನನ್ನ ಎದೆಯ ಮೇಲೆಯೇ ಕೂತ ಹಾಗಾಯಿತು. ಬದುಕಿನಲ್ಲಿ ಎಲ್ಲದಕ್ಕೂ ಹೆದರಿದ ನಾನು ಅವತ್ತು ಮಾತ್ರ ಹೆದರಲಿಲ್ಲ, ಗ್ಯಾಸು ಅಂದುಕೊಂಡೆ. ಅಂಗಡಿಯಿಂದ ಸೋಡಾ ತರಿಸಿ ನಿಂಬೆಹಣ್ಣು ಹಿಂಡಿಸಿಕೊಂಡು ಕುಡಿದೆ. ವ್ಯಾನಿನ ಡ್ರೈವರ್ ಖಾದರ್ ನನ್ನ ಮುಖ ನೋಡಿದ. ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತಂತೆ. ಅವನು ಹೆಚ್ಚು ಮಾತಾಡುವ ಮನುಷ್ಯನಲ್ಲ. ಮುಂದಿನ ಬಾಗಿಲು ತೆಗೆದು ಹತ್ತು ಅಂದ. ನಾನು ಇನ್ನೂ ಲೆಡ್ಜರಿಗೆ ಸಹಿ ಹಾಕಿಲ್ಲ ಅಂದೆ. ಅವನು ನನ್ನ ತೋಳು ಹಿಡಿದು ಹತ್ತಿಸಿದ.

ನಮ್ಮೂರು ಬಿಟ್ಟರೆ ಅವನು ಇನ್ನೂ ನಾಲ್ಕು ಸಂಘಗಳಲ್ಲಿ ನಿಲ್ಲಬೇಕು. ಅವತ್ತು ನಾಲ್ಕರಲ್ಲಿಯೂ ನಿಲ್ಲಿಸಲಿಲ್ಲ. ರಸ್ತೆಯ ಪಕ್ಕ ಕ್ಯಾನು ಇಟ್ಟುಕೊಂಡು ನಿಂತವರು ಕೈ ಬೀಸುತ್ತಿದ್ದರು, ಆಮೇಲೆ ಬೈಯುತ್ತಿದ್ದರು, ಆಮೇಲೆ ಹಿಂದಿನ ಧೂಳಿನಲ್ಲಿ ಕಾಣದಾಗುತ್ತಿದ್ದರು. ಕೆ.ಆರ್. ಪೇಟೆ ಆಸ್ಪತ್ರೆಯ ಬಾಗಿಲಲ್ಲಿ ನನ್ನನ್ನು ಇಳಿಸಿದ ಮೇಲೆಯೇ ಅವನು ಹಿಂದಕ್ಕೆ ಹೋದದ್ದು. ಅಷ್ಟರಲ್ಲಿ ನಾಲ್ಕೂರಿನ ಹಾಲು ಒಡೆದಿತ್ತು, ಅವನ ಮೇಲೆ ದೂರೂ ಹೋಯಿತು. ತಿಂಗಳಾದ ಮೇಲೆ ನಾನು ಸಂಕೋಚದಿಂದ ಆ ಮಾತು ಎತ್ತಿದಾಗ ಖಾದರ್ ಹೇಳಿದ್ದಿಷ್ಟು: "ಹಾಲು ಒಡೆದ್ರೆ ನಾಳೆ ಬೇರೆ ಸಿಗ್ತದೆ ಬುಡಣ್ಣ. ನೀನು ಸಿಗ್ತಿದ್ಯಾ?"

ಕೆ.ಆರ್. ಪೇಟೆಯಿಂದ ಮೈಸೂರಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಸಣ್ಣ ಅಟ್ಯಾಕು ಎಂದರು. ಸಣ್ಣ ಎಂಬ ಪದವನ್ನು ಡಾಕ್ಟರುಗಳು ಯಾವ ಅಳತೆಯಲ್ಲಿ ಬಳಸುತ್ತಾರೋ ಗೊತ್ತಿಲ್ಲ. ಅಲ್ಲಿದ್ದ ಹತ್ತು ದಿನದಲ್ಲಿ ನನಗೆ ನೆನಪಿರುವುದು ಔಷಧಿಯಲ್ಲ, ಒಬ್ಬ ಆಯಾ. ಇ.ಸಿ.ಜಿ. ತೆಗೆಯುವಾಗ ಕೈಕಾಲಿಗೆ ಹಾಕುವ ಲೋಹದ ಕ್ಲಿಪ್ಪು ಬೆಳಗಿನ ಹೊತ್ತು ಹಿಮದ ಹಾಗಿರುತ್ತಿತ್ತು. ಆಕೆ ಅದನ್ನು ಮೊದಲು ತನ್ನ ಅಂಗೈಯಲ್ಲಿ ಉಜ್ಜಿ ಬಿಸಿ ಮಾಡಿ ಆಮೇಲೆ ಹಾಕುತ್ತಿದ್ದಳು. ಯಾರೂ ಹೇಳಿಕೊಟ್ಟದ್ದಲ್ಲ. ವಾರ್ಡಿನಲ್ಲಿ ಇಪ್ಪತ್ತು ಜನ ಇದ್ದೆವು, ಇಪ್ಪತ್ತು ಜನಕ್ಕೂ ಹಾಗೆಯೇ.

ನೋಡಲು ಬಂದವರ ವಿಷಯ ಬೇರೆ. ನಾಗಮಂಗಲದಿಂದ ನನ್ನಕ್ಕ ಕಿತ್ತಳೆ ಹಣ್ಣು ಹಿಡಿದು ಬಂದಳು. ತಲೆ ಸವರಿ, ಪಕ್ಕದಲ್ಲಿ ಕೂತು, ಸಮಾಧಾನ ಹೇಳಲು ಶುರು ಮಾಡಿದಳು. "ನಮ್ಮ ಓರಗಿತ್ತಿ ಅಣ್ಣಂಗೂ ಇಂಗೇ ಆಗಿದ್ದು ಕಣಪ್ಪ. ಚೆಂದಾಗೇ ಮನೆಗೆ ಬಂದ. ನಾಕು ದಿನ ಚೆಂದಾಗೇ ಇದ್ದ." ಅಷ್ಟು ಹೇಳಿ ಕಿತ್ತಳೆ ಸುಲಿಯತೊಡಗಿದಳು. ನಾನೂ ಪಕ್ಕದ ಹಾಸಿಗೆಯವನೂ ಮುಂದಿನ ಮಾತಿಗೆ ಕಾದೆವು. ಅವಳು ಹೇಳಲೇ ಇಲ್ಲ. ತೊಳೆ ಬಿಡಿಸಿ ಇಬ್ಬರಿಗೂ ಕೊಟ್ಟಳು.

ಮನೆಗೆ ಬಂದ ಮೇಲೆ ಆ ಐದನೇ ದಿನಕ್ಕಾಗಿ ಕಾಯುವುದೇ ನನ್ನ ಕೆಲಸವಾಯಿತು. ಐದನೇ ದಿನ ಕಳೆಯಿತು, ಐವತ್ತನೇ ದಿನವೂ ಕಳೆಯಿತು. ನಡೆಯಿರಿ ಎಂದು ಮೈಸೂರಿನ ಡಾಕ್ಟರು ಹೇಳಿದ್ದರು. ನಾನು ಜಗಲಿಯಿಂದ ಬಚ್ಚಲಿಗೆ ನಡೆಯುತ್ತಿದ್ದೆ. ನೀರಿನ ಚೆಂಬನ್ನೂ ಎಡಗೈಯಲ್ಲಿ ಎತ್ತುತ್ತಿರಲಿಲ್ಲ. ಎಡಗೈ ಹೃದಯಕ್ಕೆ ಹತ್ತಿರವೆಂದು ನನ್ನ ಲೆಕ್ಕ. ಜೋರಾಗಿ ನಗುತ್ತಿರಲಿಲ್ಲ. ಕೈಗಡಿಯಾರ ನೋಡಿಕೊಂಡು ನಾಡಿ ಎಣಿಸುತ್ತಿದ್ದೆ, ಜಾಸ್ತಿ ಬಂದರೆ ಹೆದರುತ್ತಿದ್ದೆ, ಹೆದರಿದ್ದಕ್ಕೆ ಇನ್ನೂ ಜಾಸ್ತಿಯಾಗುತ್ತಿತ್ತು. ಸುಶೀಲ ಅಳಲೂ ಇಲ್ಲ, ಬೈಯಲೂ ಇಲ್ಲ. ಉಪ್ಪು ಕಡಿಮೆ ಮಾಡಿದಳು, ನನ್ನ ಪಾಲಿನ ಬೆಣ್ಣೆ ನಿಲ್ಲಿಸಿದಳು. ಒಂದು ದಿನ ಹಸುವಿನ ಮೈ ತೊಳೆಯುತ್ತಾ, ನನ್ನ ಕಡೆ ತಿರುಗದೆ ಹೇಳಿದಳು: "ಕಾಯ್ಲೆ ಒಂದಿನ ಬಂದೋಯ್ತು. ನೀವೇ ಅದ್ನ ಮೂರು ತಿಂಗಳಿಂದ ಕಂಕುಳಲ್ಲಿ ಎತ್ಕೊಂಡಿದ್ದೀರಿ."

ಅಷ್ಟರಲ್ಲಿ ಸಂಘದ ಅಧ್ಯಕ್ಷರು ಮನೆಗೆ ಬಂದರು. ನನ್ನ ಜಾಗದಲ್ಲಿ ನಮ್ಮೂರಿನ ಕೆಂಪಣ್ಣ ಕೆಲಸ ನೋಡಿಕೊಳ್ಳುತ್ತಿದ್ದ. ಅಧ್ಯಕ್ಷರು ಹವಾಮಾನ ಮಾತಾಡಿದರು, ಸಕ್ಕರೆ ಫ್ಯಾಕ್ಟರಿಗೆ ಹೋಗುತ್ತಿದ್ದ ಕಬ್ಬಿನ ಗಾಡಿಗಳ ವಿಷಯ ಮಾತಾಡಿದರು, ಎದ್ದು ಚಪ್ಪಲಿ ಮೆಟ್ಟುವಾಗ ವಿಷಯಕ್ಕೆ ಬಂದರು. ಕ್ಯಾನು ಎತ್ತಬಲ್ಲ ಎಂದು ಡಾಕ್ಟರ ಕಾಗದ ತರಬೇಕು, ಮುಂದಿನ ಸಭೆಯೊಳಗೆ. ಇಲ್ಲದಿದ್ದರೆ ಕೆಂಪಣ್ಣನನ್ನೇ ಕಾಯಂ ಮಾಡಬೇಕಾಗುತ್ತದೆ. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಆ ಸಂಘದ ಕಟ್ಟೆಯ ಮೇಲೆ ನಿಂತು ಇಪ್ಪತ್ತು ವರ್ಷ ಬೆಳಗು ಕಂಡವನು ನಾನು. ಜಗಲಿಯಲ್ಲಿ ನಾಡಿ ಹಿಡಿದು ಕೂರುವ ಮನುಷ್ಯನಾಗಿಯೇ ಉಳಿದುಬಿಡುತ್ತೇನೆಯೇ ಎಂಬ ಭಯ, ಸಾಯುವ ಭಯಕ್ಕಿಂತ ದೊಡ್ಡದಾಗಿ ಕಂಡದ್ದು ಆಗಲೇ.

ಕಾಗದ ಕೇಳಲು ಹೋದಾಗ ಮೈಸೂರಿನ ಡಾಕ್ಟರು ಶ್ರೀರಂಗಪಟ್ಟಣದ ಒಬ್ಬ ಡಾಕ್ಟರಮ್ಮನ ವಿಳಾಸ ಬರೆದುಕೊಟ್ಟರು. ನಾಡಿಯನ್ನು ನಿಧಾನ ಮಾಡುವ ಮಾತ್ರೆಯನ್ನು ಪರೀಕ್ಷೆಗಾಗಿ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಿ ನಿಲ್ಲಿಸಿದರು. ಅದು ಇನ್ನೊಂದು ಚಿಂತೆ. ಆಕೆ ಮೆಟ್ಟಿಲು ಹತ್ತಿಸಿ ಇಳಿಸಿ ನೋಡುತ್ತಾರೆ, ಪೂರ್ತಿ ಸುಸ್ತು ಮಾಡಿಸುವುದಿಲ್ಲ, ಅರ್ಧಕ್ಕೆ ನಿಲ್ಲಿಸಿ ಉಳಿದದ್ದನ್ನು ಅಂದಾಜು ಮಾಡುತ್ತಾರೆ ಎಂದರು. ಅಂದಾಜು ಎಂಬ ಮಾತು ಕೇಳಿ ನನ್ನ ಜೀವ ಒಣಗಿತು.

ನಮ್ಮೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ದಾರಿಯಲ್ಲಿ ಪಾಂಡವಪುರ ಸಿಗುತ್ತದೆ. ಅದು ಸುಶೀಲಳ ತವರು. ಅಲ್ಲಿ ಅವಳಿಗೆ ಮೂವರು ಅಣ್ಣಂದಿರು, ಒಂದೇ ಬೀದಿಯಲ್ಲಿ ಮೂರು ಮನೆ. ಒಂದು ಮನೆಯಲ್ಲಿ ಕಾಫಿ ಕುಡಿದು ಇನ್ನೆರಡು ಮನೆ ದಾಟಿ ಹೋಗುವಷ್ಟು ಧೈರ್ಯ ಆರೋಗ್ಯವಂತ ಅಳಿಯನಿಗೂ ಇರುವುದಿಲ್ಲ. ಮೂರೂ ಕಡೆ ಕುಡಿದೆ. ಬಸ್ಸಿಗೆ ಹೊತ್ತಾಯಿತೆಂದು ಸ್ವಲ್ಪ ಬಿರುಸಾಗಿ ನಡೆದೆ. ಬಿರುಸಾಗಿ ನಡೆದೆನಲ್ಲ ಎಂದು ದಾರಿಯುದ್ದಕ್ಕೂ ಹೆದರಿದೆ.

ಕೋಟೆಯ ಒಳಗೆ ಡಾಕ್ಟರಮ್ಮನ ಹಳೇ ಮನೆ, ಮುಂದಿನ ಪಡಸಾಲೆಯೇ ಕ್ಲಿನಿಕ್ಕು. ಕಾಯುವವರಿಗೆ ಎರಡು ಬೆಂಚು. ನಮ್ಮ ಮುಂದೆ ಪಾಲಹಳ್ಳಿಯ ರೈತರೊಬ್ಬರು ಎದೆಯ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, ತನ್ನ ಒಳಗನ್ನು ತಾನೇ ನೋಡುತ್ತಾ ಕೂತಿದ್ದರು. ಅವರಿಗೆ ಏನು ಕಂಡಿತೋ, ಒಮ್ಮೆ ತಲೆ ಆಡಿಸಿ ಕವರಿಗೆ ಹಾಕಿದರು.

ನನ್ನ ಸರದಿ ಬಂತು. ಡಾಕ್ಟರಮ್ಮ ಐವತ್ತು ದಾಟಿದವರು, ಕನ್ನಡಕದ ಮೇಲಿಂದ ನೋಡುವವರು. ಮಣಿಕಟ್ಟು ಹಿಡಿದು ಗಡಿಯಾರ ನೋಡಿದರು. ಮತ್ತೊಮ್ಮೆ ನೋಡಿದರು.

"ನೂರಹದಿನಾರು. ಕೂತಲ್ಲೇ. ಕಾಫಿ ಎಷ್ಟು ಕುಡಿದ್ರಿ?"

"ಮೂರು," ಎಂದಳು ಸುಶೀಲ, ನಾನು ಬಾಯಿ ತೆಗೆಯುವ ಮೊದಲೇ.

ಲೋಟಗಳು ಚಿಕ್ಕವು ಎಂದು ನಾನು ವಾದಿಸಿದೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಇದರಲ್ಲಿ ನಿಮ್ಮದೆಷ್ಟು, ಕಾಫಿದೆಷ್ಟು, ಭಯದ್ದೆಷ್ಟು ಅಂತ ನಾನು ಬೇರೆ ಮಾಡೋಕಾಗಲ್ಲ. ನಾಡಿ ಎಲ್ಲಾನೂ ಒಂದೇ ಥರ ಹೇಳುತ್ತೆ. ಇವತ್ತು ಹತ್ತಿಸಿದ್ರೆ ನಿಮಗೆ ಎಪ್ಪತ್ತು ವರ್ಷ ಅಂತ ಲೆಕ್ಕ ಬರುತ್ತೆ."

ಆ ಮಾತು ನನಗೆ ತಟ್ಟಿತು. ಆಗತಾನೇ ಕರೆದ ಬೆಚ್ಚನೆಯ ಹಾಲಿಗೆ ಲ್ಯಾಕ್ಟೋಮೀಟರ್ ಬಿಟ್ಟರೆ ಅದು ಇರಬೇಕಾದ್ದಕ್ಕಿಂತ ಕೆಳಗೆ ಮುಳುಗುತ್ತದೆ. ನೀರು ಹಾಕಿದ ಹಾಲಿನಲ್ಲೂ ಹಾಗೆಯೇ ಮುಳುಗುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅದು ಗೊತ್ತಿಲ್ಲದೆ ನಾನು ಇಬ್ಬರು ಹೆಂಗಸರ ಹಾಲನ್ನು ಎಲ್ಲರೆದುರು ಹಿಂದಕ್ಕೆ ಕಳಿಸಿದ್ದೆ. ಅವರು ನೀರು ಹಾಕಿರಲಿಲ್ಲ. ಅವರ ತಪ್ಪೆಂದರೆ ಕರೆದ ತಕ್ಷಣ ಓಡಿ ಬಂದದ್ದು, ಅಷ್ಟೇ. ಮೂರು ತಿಂಗಳಿಂದ ನಾನು ನನ್ನ ನಾಡಿಯನ್ನು ಹಾಗೆಯೇ ಬಿಸಿಬಿಸಿಯಾಗಿ ಅಳೆದು, ನೀರು ಬೆರೆತಿದೆ ಎಂದು ನನ್ನನ್ನೇ ಹಿಂದಕ್ಕೆ ಕಳಿಸುತ್ತಿದ್ದೆ.

ಇದನ್ನು ಡಾಕ್ಟರಮ್ಮನಿಗೆ ಹೇಳಿದೆ. ಅವರು ಆಸಕ್ತಿಯಿಂದ ಕೇಳಿ, ಬಿಸಿ ಹಾಲಿಗೆ ನೀವೇನು ಮಾಡುತ್ತೀರಿ ಅಂದರು. ಆರುವ ತನಕ ಪಕ್ಕಕ್ಕೆ ಇಡಿಸುತ್ತೇವೆ ಅಂದೆ.

"ಹಾಗಾದ್ರೆ ಆರಿಸ್ಕೊಂಡು ಬನ್ನಿ. ಮುಂದಿನ ವಾರ. ಕಾಫಿ ಇಲ್ಲದೆ."

ಮುಂದಿನ ವಾರ ಬಸ್ಸಿನಿಂದ ಇಳಿಯದೆ ನೇರ ಹೋಗುವುದೆಂದು ಮಾತಾಯಿತು. ಪಾಂಡವಪುರದಲ್ಲಿ ಬಸ್ಸು ಹತ್ತು ನಿಮಿಷ ನಿಲ್ಲುತ್ತದೆ. ನಾನು ಟವೆಲ್ಲನ್ನು ಮುಖದ ಮೇಲೆ ಹಾಕಿಕೊಂಡು ನಿದ್ದೆ ಬಂದವನಂತೆ ಕೂತಿದ್ದೆ. ಕಿಟಕಿಯ ಸರಳಿಗೆ ಏನೋ ಬಡಿದ ಸದ್ದಾಯಿತು. ಸುಶೀಲಳ ದೊಡ್ಡಣ್ಣ ಮರಿಗೌಡ ಫ್ಲಾಸ್ಕು ಹಿಡಿದು ನಿಂತಿದ್ದಾನೆ. ನಾವು ಬರುವ ಸುದ್ದಿ ಯಾರು ಮುಟ್ಟಿಸಿದರೋ.

"ಅದ್ಯಾವ ಡಾಕ್ಟ್ರಮ್ಮ ಬಾವ, ನಮ್ಮನೆ ಕಾಫಿಗೆ ಇಸ ಅಂದೋಳು?"

ಯಾರೂ ಹಾಗೆ ಹೇಳಿಲ್ಲ, ನಾಡಿ ಎಣಿಸಬೇಕಾಗಿದೆ ಎಂದು ನಾನು ವಿವರಿಸಲು ಹೋದೆ. ನಾಡಿ ಎಣಿಸೋಕೂ ಕಾಫಿಗೂ ಏನು ಸಂಬಂಧ ಎಂದು ಅವನು ಕೇಳಿದ. ಅವನ ಕಣ್ಣಿನಲ್ಲಿ ನಿಜವಾದ ನೋವಿತ್ತು. ಕಾಫಿ ಬೇಡವೆನ್ನುವುದು ಅವನಿಗೆ ತಂಗಿಯೇ ಬೇಡವೆಂದ ಹಾಗೆ. ಸುಶೀಲ ಕಿಟಕಿಯಿಂದ ಕೈ ಚಾಚಿ ಒಂದು ಲೋಟ ಇಸಿದುಕೊಂಡು ಕುಡಿದಳು. ಇನ್ನೊಂದು ಲೋಟ ಇಸಿದುಕೊಂಡು, "ಇದು ಇವರ್ದು," ಎಂದು ಹೇಳಿ ಅದನ್ನೂ ಕುಡಿದಳು. ಮರಿಗೌಡನಿಗೆ ಸಮಾಧಾನವಾಯಿತು. ಅವಳು ಕಾಫಿ ಕುಡಿಯುವ ಅಭ್ಯಾಸವೇ ಇಲ್ಲದವಳು. ಶ್ರೀರಂಗಪಟ್ಟಣದ ಬೆಂಚಿನ ಮೇಲೆ ಕೂತಾಗ ಅವಳ ಬೆರಳು ಸಣ್ಣಗೆ ನಡುಗುತ್ತಿತ್ತು. ನಾನು ಹೆದರಬೇಕಾದದ್ದನ್ನು ಅವಳೇ ವಹಿಸಿಕೊಂಡ ಹಾಗೆ ಅನ್ನಿಸಿ, ನನಗೆ ಹೆದರುವ ಕೆಲಸ ಸ್ವಲ್ಪ ಕಡಿಮೆಯಾಯಿತು.

ಡಾಕ್ಟರಮ್ಮ ಅರ್ಧ ಗಂಟೆ ಸುಮ್ಮನೆ ಕೂರಿಸಿದರು. ಆಮೇಲೆ ಎಣಿಸಿದರು. ಎಂಬತ್ತನಾಲ್ಕು.

ಮೆಟ್ಟಿಲು ಅಂದರೆ ಒಂದು ಮರದ ಪೆಟ್ಟಿಗೆ, ನಮ್ಮ ಮನೆಯ ಹೊಸ್ತಿಲಿಗಿಂತ ಒಂದು ಗೇಣು ಎತ್ತರ. ಟೇಪ್‌ರೆಕಾರ್ಡರಿನಲ್ಲಿ ಕ್ಯಾಸೆಟ್ಟು ಹಾಕಿದರು. ಅದರಲ್ಲಿ ಹಾಡಿಲ್ಲ, ಮಾತಿಲ್ಲ, ಬರೀ ಟಕ್ ಟಕ್. ಆ ಸದ್ದಿಗೆ ಸರಿಯಾಗಿ ಒಂದು ಕಾಲು ಮೇಲೆ, ಇನ್ನೊಂದು ಮೇಲೆ, ಒಂದು ಕೆಳಗೆ, ಇನ್ನೊಂದು ಕೆಳಗೆ. ಮೂರು ನಿಮಿಷ ನಿಧಾನ, ಮೂರು ನಿಮಿಷ ಸ್ವಲ್ಪ ಬೇಗ, ಮೂರು ನಿಮಿಷ ಇನ್ನೂ ಸ್ವಲ್ಪ ಬೇಗ. ಪ್ರತಿ ಮೂರು ನಿಮಿಷಕ್ಕೆ ನಾಡಿ, ರಕ್ತದ ಒತ್ತಡ. ಎದೆ ಹಿಡಿದರೆ, ತಲೆ ತಿರುಗಿದರೆ ತಕ್ಷಣ ಹೇಳಬೇಕು. ಹೇಳುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಸುಶೀಲ ಭರವಸೆ ಕೊಟ್ಟಳು.

ಏಳನೆಯದನ್ನು ಎಣಿಸಬೇಕೆಂದಿದ್ದೆ. ಆದರೆ ಮೊದಲ ನಿಮಿಷದಲ್ಲಿ ನನಗೆ ಆ ಟಕ್ ಟಕ್ ಸದ್ದಿನ ಜೊತೆ ಕಾಲು ಕೂಡಿಸುವುದೇ ದೊಡ್ಡ ಕೆಲಸವಾಯಿತು. ನನ್ನ ಕಾಲು ಸದ್ದಿಗಿಂತ ಮುಂದೆ ಓಡುತ್ತಿತ್ತು. ಬೇಗ ಮುಗಿಸಿಬಿಡೋಣ ಎಂದು ಅದರ ಆತುರ. "ಬೇಗ ಮಾಡಿ ತೋರಿಸೋಕೆ ಇಲ್ಲಿ ಬಂದಿಲ್ಲ, ಅದು ಹೇಳಿದಷ್ಟೇ ಮಾಡಿ," ಎಂದರು ಡಾಕ್ಟರಮ್ಮ. ಕೂಡಿಸಿಕೊಂಡೆ. ಅಷ್ಟರಲ್ಲಿ ಏಳು ಹೋಗಿ ಎಷ್ಟೋ ಆಗಿತ್ತು. ಮೂರನೇ ಸುತ್ತಿನಲ್ಲಿ ಉಸಿರು ಬಿಸಿಯಾಯಿತು, ಬೆನ್ನಿನಲ್ಲಿ ಬೆವರು ಇಳಿಯಿತು. ಎಷ್ಟೋ ತಿಂಗಳ ಮೇಲೆ ದುಡಿಮೆಯಿಂದ ಬಂದ ಬೆವರು. ಭಯದ ಬೆವರು ತಣ್ಣಗಿರುತ್ತದೆ, ಇದು ಬೆಚ್ಚಗಿತ್ತು. ಆ ವ್ಯತ್ಯಾಸ ನಾನು ಮರೆತೇಬಿಟ್ಟಿದ್ದೆ.

ಕ್ಯಾಸೆಟ್ಟು ನಿಂತಿತು.

"ಸಾಕು. ಕೂತ್ಕೊಳ್ಳಿ."

"ಇನ್ನೂ ಹತ್ತಬಲ್ಲೆ ಡಾಕ್ಟ್ರೇ," ಎಂದೆ. ನನ್ನ ಬಾಯಿಂದ ಬಂದ ಮಾತು ನನಗೇ ಹೊಸದಾಗಿ ಕೇಳಿಸಿತು.

"ಗೊತ್ತು. ಅದಕ್ಕೇ ನಿಲ್ಲಿಸಿದ್ದು."

ಅವರು ಗ್ರಾಫ್ ಹಾಳೆ ತೆಗೆದು ಮೂರು ಚುಕ್ಕಿ ಇಟ್ಟರು. ಸುತ್ತಿಗೊಂದರಂತೆ ನನ್ನ ನಾಡಿ: ತೊಂಬತ್ತಾರು, ನೂರೆಂಟು, ನೂರಿಪ್ಪತ್ತು. ಸ್ಕೇಲು ಇಟ್ಟು ಮೂರನ್ನೂ ಸೇರಿಸಿ ಪೆನ್ಸಿಲಿನಿಂದ ಗೆರೆ ಎಳೆದರು. ಗೆರೆ ಮೂರನೇ ಚುಕ್ಕಿಯಲ್ಲಿ ನಿಲ್ಲಲಿಲ್ಲ. ನನ್ನ ವಯಸ್ಸಿನವರ ಹೃದಯ ಎಷ್ಟು ಜೋರಾಗಿ ಬಡಿಯಬಹುದೋ ಆ ಎತ್ತರದ ತನಕ ಹೋಯಿತು. ಅಲ್ಲಿಂದ ಕೆಳಕ್ಕಿಳಿದು ಒಂದು ಸಂಖ್ಯೆಗೆ ಸುತ್ತು ಹಾಕಿದರು. ನಿಮ್ಮ ದೇಹ ಇಷ್ಟು ದುಡಿಯಬಲ್ಲದು, ನಿಮ್ಮ ಕೆಲಸಕ್ಕೆ ಬೇಕಾದ್ದು ಇದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಎಂದರು.

ನನ್ನ ಕಣ್ಣು ಚುಕ್ಕಿ ಮುಗಿದ ಮೇಲಿನ ಗೆರೆಯ ಮೇಲಿತ್ತು. ಅಲ್ಲಿ ನಾನು ಹೋಗಿಯೇ ಇಲ್ಲ. ಮುಂದೆ ಹೋದರೆ ಗೆರೆ ಬಾಗಿದರೆ? ಮುರಿದರೆ? ಹಾಗೆಂದು ಕೇಳಿಯೂ ಬಿಟ್ಟೆ.

"ಬಾಗಬಹುದು," ಎಂದರು ಅವರು, ಒಂದು ಚೂರೂ ಮುಚ್ಚಿಡದೆ. "ಇದು ಅಂದಾಜು, ಪ್ರಮಾಣ ಅಲ್ಲ. ಸ್ವಲ್ಪ ಆಚೀಚೆ ಇದ್ದೇ ಇರುತ್ತೆ. ಆದರೆ ಮೂರು ಚುಕ್ಕಿ ನೇರ ಕೂತಿವೆ, ನಿಮಗೆ ನೋವು ಬರಲಿಲ್ಲ. ಇಷ್ಟರ ಮೇಲೆ ಇಷ್ಟು ಹೇಳಬಹುದು."

ಸುಶೀಲ ಹಾಳೆಯ ಮೇಲೆ ಬಗ್ಗಿ ನೋಡಿದಳು. "ನೀವು ಮೂರು ಚುಕ್ಕಿ ಇಟ್ಕಂಡು ಎಳೀತೀರಿ. ಇವರು ಒಂದೇ ಚುಕ್ಕಿಗೆ ಸುಡುಗಾಡುಗಂಟ ಎಳೀತಾರೆ."

ಡಾಕ್ಟರಮ್ಮ ನಕ್ಕರು. ನನಗೂ ನಗು ಬಂತು, ಜೋರಾಗಿಯೇ. ಅವಳು ಹೇಳಿದ್ದು ನಿಜ. ಹೊಟ್ಟೆಯಲ್ಲಿ ಗುಡುಗುಡು ಅಂದರೆ ಆಪರೇಷನ್ನು, ಮಗಳ ಪತ್ರ ಎರಡು ದಿನ ತಡವಾದರೆ ಅಪಘಾತ. ನಾನೂ ಬದುಕಿಡೀ ಅಂದಾಜು ಮಾಡುವ ಕೆಲಸವನ್ನೇ ಮಾಡಿದವನು. ನನ್ನ ಸ್ಕೇಲು ಮಾತ್ರ ಯಾವಾಗಲೂ ಒಂದೇ ದಿಕ್ಕಿಗೆ ತಿರುಗಿರುತ್ತಿತ್ತು. ಆ ಗುಣ ಈಗಲೂ ಹೋಗಿಲ್ಲ. ಆದರೆ ಗೆರೆ ಎಳೆಯುವ ಮೊದಲು ಚುಕ್ಕಿ ಎಷ್ಟಿವೆ ಎಂದು ಎಣಿಸುವ ಅಭ್ಯಾಸವೊಂದು ಬಂದಿದೆ.

ಕಾಗದ ಬರೆಯುವಾಗ ಡಾಕ್ಟರಮ್ಮ ಕೇಳಿದರು, ತುಂಬಿದ ಕ್ಯಾನು ಎಷ್ಟು ಜನ ಎತ್ತುತ್ತೀರಿ? ಒಬ್ಬನೇ ಎಂದೆ. ನಮ್ಮಲ್ಲಿ ಹಾಗೆಯೇ. ನಲವತ್ತು ಲೀಟರಿನ ಕ್ಯಾನನ್ನು ತೊಡೆಗೆ ಕೊಟ್ಟು ಒಂದೇ ಎತ್ತಿಗೆ ವ್ಯಾನಿಗೆ ಇಡುವವನೇ ಪರೀಕ್ಷಕ. ಕೈ ಹಾಕು ಬಾ ಎಂದು ಇನ್ನೊಬ್ಬನನ್ನು ಕರೆದರೆ ಸಾಲಿನಲ್ಲಿ ನಿಂತ ಹೆಂಗಸರು ನಗುತ್ತಾರೆ.

"ಕ್ಯಾನಿಗೆ ಹಿಡಿ ಎಷ್ಟಿವೆ?"

"ಎರಡು."

"ಯಾಕೆ?"

ಇಪ್ಪತ್ತು ವರ್ಷ ಆ ಎರಡು ಹಿಡಿಯನ್ನೂ ನಾನೊಬ್ಬನೇ ಹಿಡಿದಿದ್ದೆ. ಅವರು ಕಾಗದದಲ್ಲಿ ಬರೆದರು: ಕೆಲಸಕ್ಕೆ ಹೋಗಬಹುದು, ಕ್ಯಾನನ್ನು ಇಬ್ಬರು ಎತ್ತತಕ್ಕದ್ದು.

ಅಧ್ಯಕ್ಷರು ಕಾಗದವನ್ನು ಎರಡು ಸಲ ಓದಿದರು. ಕೆಂಪಣ್ಣನನ್ನು ಕರೆಸಿ, ವ್ಯಾನು ಬರುವ ಹೊತ್ತಿಗೆ ಮಾತ್ರ ಬಂದು ಒಂದು ಕಡೆ ಹಿಡಿಯುತ್ತೀಯಾ ಎಂದು ಕೇಳಿದರು. ನನ್ನ ಕೆಲಸ ಅವನ ಕೈ ತಪ್ಪಿತ್ತು, ಅವನು ಮುಖ ಸಣ್ಣದು ಮಾಡಬಹುದಿತ್ತು. "ಅಳತೆ ಜಗಳ ನಿನ್ಗೇ ಇರ್ಲಣ್ಣ. ನಾನು ಹಿಡಿ ಹಿಡೀತೀನಿ," ಎಂದ.

ಮಾರನೇ ಬೆಳಗ್ಗೆ ಕಟ್ಟೆಯ ಮೇಲೆ ನಿಂತೆ. ಸಾಲಿನಲ್ಲಿದ್ದವರು ಅವತ್ತು ಯಾರೂ ಜಗಳ ಆಡಲಿಲ್ಲ. ಬೆಚ್ಚಗಿನ ಹಾಲನ್ನು ಪಕ್ಕಕ್ಕೆ ಇಡಿಸಿದೆ. ವ್ಯಾನು ಬಂತು. ಕೆಂಪಣ್ಣ ಒಂದು ಹಿಡಿ, ನಾನೊಂದು ಹಿಡಿ. ಸುಶೀಲ ನಮ್ಮ ಮನೆಯ ಹಾಲು ಹಾಕಿ, ಖಾಲಿ ಕೊಡ ಸೊಂಟಕ್ಕಿಟ್ಟು ಅಲ್ಲೇ ನಿಂತಿದ್ದಳು. ಎತ್ತಿದೆವು. ನನ್ನ ಗಮನವೆಲ್ಲ ಎದೆಯ ಮೇಲೆ. ಎದೆ ಏನೂ ಹೇಳಲಿಲ್ಲ. ಮೊದಲನೇ ಕ್ಯಾನು ವ್ಯಾನು ಸೇರಿತು. ಎರಡನೆಯದನ್ನು ಎತ್ತಿ ಎರಡು ಹೆಜ್ಜೆ ಇಟ್ಟೆವು. ಎದೆ ಈಗಲೂ ಏನೂ ಹೇಳುತ್ತಿಲ್ಲವಲ್ಲ, ಯಾಕಿರಬಹುದು ಎಂದು ನಾನು ಕಿವಿಗೊಟ್ಟು ನಿಂತುಬಿಟ್ಟೆ. ನಾನು ಸುಸ್ತಾದೆನೆಂದು ತಿಳಿದು ಕೆಂಪಣ್ಣ ಮೆಲ್ಲಗೆ ಕ್ಯಾನು ಇಳಿಸಿದ. ಅವನ ಜೊತೆ ನಾನೂ ಇಳಿಸಿದೆ.

ನನ್ನ ಕೂಗಿಗೆ ಇಡೀ ಸಾಲು ಕಲ್ಲಾಯಿತು. ಎಲ್ಲರಿಗೂ ಗೊತ್ತಿತ್ತು ಅದು ಏನೆಂದು. ಮಾತು ಹೊರಡದೆ ನಾನು ಬೆರಳಿನಿಂದ ನೆಲ ತೋರಿಸಿದೆ. ಮಣ್ಣಿಗೆ ಹೋಗುತ್ತೇನೆಂದು ತೋರಿಸುತ್ತಿದ್ದೇನೆ ಎಂದು ತಿಳಿದು ಮುದುಕಿಯೊಬ್ಬಳು ಸೆರಗು ಬಾಯಿಗೆ ಒತ್ತಿದಳು. ಸುಶೀಲ ಕೊಡ ಬಿಸಾಕಿ ಓಡಿಬಂದು ನನ್ನ ಮಣಿಕಟ್ಟು ಹಿಡಿದಳು. ತುಟಿ ಅಲುಗಿಸುತ್ತಾ ಎಣಿಸಿದಳು. ಎಣಿಸಿ ಮುಗಿಸಿದ ಮೇಲೆ ಅವಳ ಮುಖ ಸಡಿಲವಾಯಿತು.

"ನಾಡಿ ಚೆಂದಾಗೈತೆ," ಎಂದಳು. "ಕೆಂಪಣ್ಣ, ಆ ಕ್ಯಾನು ಅವರ ಕಾಲ್ಮೇಲಿಂದ ತೆಗಿ."

ಎಡಗಾಲಿನ ಹೆಬ್ಬೆರಳಿನ ಉಗುರು ಕಪ್ಪಗಾಗಿ, ಒಂದು ತಿಂಗಳಿಗೆ ಬಿದ್ದುಹೋಯಿತು.